ಕಂಚೋ, ಶಾಸನವೋ: ಮೊದಲು ಯಾವ ಪುಸ್ತಕ?

ಚೀನಾದ ಪ್ರಾಚೀನ ವಸ್ತುಗಳ ಅಧ್ಯಯನಕ್ಕೆ 'ಜಿನ್‌ಶಿಶ್ವೆ' ಎಂದು ಹೆಸರು. ಅಂದರೆ ಲೋಹ-ಕಲ್ಲುಗಳ ವಿದ್ಯೆ. ಇದಕ್ಕೆ ಕೈಹಾಕುವವರ ಮುಂದೆ ಸಾಂಗ್ ರಾಜವಂಶದ ಕಾಲದ (960–1279) ಎರಡು ಕೃತಿಗಳಿವೆ.

ವಸ್ತುವಿನ ಆಕಾರವೇ ಮುಖ್ಯವೆನ್ನುವವರಿಗೆ ಲ್ಯು ದಾಲಿನ್‌ನ 'ಕಾವ್‌ಗುತು' (1092): ಇನ್ನೂರಕ್ಕೂ ಹೆಚ್ಚು ಕಂಚು, ಜೇಡ್ ವಸ್ತುಗಳ ರೇಖಾಚಿತ್ರ, ಅಳತೆ, ತೂಕ, ಗೊತ್ತಿದ್ದಲ್ಲಿ ಸಿಕ್ಕ ಜಾಗವೂ ಉಂಟು.

ಬರಹ ಬೇಕೆಂದರೆ ಜಾವ್ ಮಿಂಗ್‌ಚೆಂಗ್‌ನ 'ಜಿನ್‌ಶಿಲು'. ಅದು 2,000 ಶಾಸನಗಳ ಪಡಿಯಚ್ಚುಗಳ, ಅಂದರೆ ಬರಹದ ಮೇಲೆ ಕಾಗದ ಒತ್ತಿ ಶಾಯಿಯಿಂದ ತೆಗೆದ ಪ್ರತಿಗಳ ಪಟ್ಟಿ. ಚಿತ್ರಗಳಿಲ್ಲ, ಆದರೂ ನನ್ನ ಮತ ಇದಕ್ಕೇ. ಕಾರಣ, ಅವನ ಹೆಂಡತಿ, ಕವಯಿತ್ರಿ ಲೀ ಚಿಂಗ್‌ಜಾವ್ ಬರೆದ ಹಿನ್ನುಡಿ. ಬಟ್ಟೆ ಒತ್ತೆಯಿಟ್ಟ ದುಡ್ಡಲ್ಲಿ ಶಿಯಾಂಗ್‌ಗುವೊ ದೇವಾಲಯದ ಸಂತೆಯಿಂದ ಪಡಿಯಚ್ಚು, ಹಣ್ಣು ತಂದು, ಇಬ್ಬರೂ ಎದುರುಬದುರು ಕೂತು ನೋಡುತ್ತಿದ್ದರಂತೆ. ಜುರ್ಚೆನ್ನರು ಸಾಂಗ್ ರಾಜಧಾನಿಯನ್ನು ವಶಪಡಿಸಿಕೊಂಡ 1127ರ ಯುದ್ಧದ ನಂತರದ ಅಲೆದಾಟದಲ್ಲಿ ಆ ಸಂಗ್ರಹದ ಬಹುಪಾಲು ಕೈಬಿಟ್ಟುಹೋಯಿತು.