ಪೆಟ್ರೋಲ್ ದೋಣಿಗೆ ಬ್ಯಾಟರಿ ಮೋಟರ್: ತುಂಗಭದ್ರಾ ಹಿನ್ನೀರಿನಲ್ಲಿ ಮೂರು ದಾರಿಗಳ ಹೋಲಿಕೆ

5 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್) ಇಳಿಸಿ ಅದೇ ದೋಣಿಗೆ ಬ್ಯಾಟರಿ ಮೋಟರ್ ಹಾಕಬೇಕೆಂದರೆ ಸದ್ಯಕ್ಕೆ ಮೂರು ದಾರಿಗಳಿವೆ. ಮೊದಲನೆಯದು, ಹಿಂಬದಿಯ ಹಲಗೆಗೆ ಕ್ಲ್ಯಾಂಪ್ ಹಾಕಿ ಬಿಗಿಯುವ 12 ವೋಲ್ಟಿನ ಟ್ರೋಲಿಂಗ್ ಮೋಟರ್. ಎರಡನೆಯದು, ಹಳೇ ಔಟ್‌ಬೋರ್ಡಿನ ಎಂಜಿನ್ನನ್ನಷ್ಟೇ ಕಳಚಿ, ಉಳಿದ ಲೆಗ್ (ನೀರಿಗಿಳಿಯುವ ಕೆಳಭಾಗ) ಮೇಲೆ ಬ್ಯಾಟರಿ ಆಟೋದ 48 ವೋಲ್ಟಿನ ಮೋಟರ್ ಕೂರಿಸುವುದು. ಮೂರನೆಯದು, ಮೋಟರು ಬ್ಯಾಟರಿ ಎಲ್ಲ ಸೇರಿಯೇ ಬರುವ ರೆಡಿಮೇಡ್ ಎಲೆಕ್ಟ್ರಿಕ್ ಔಟ್‌ಬೋರ್ಡ್.

ಮೂರನ್ನೂ ಕಟ್ಟಿ ನೋಡಿದ್ದು 16 ಅಡಿಯ ಫೈಬರ್ ದೋಣಿಗೆ. ನಾಲ್ಕು ಜನ, ಬಲೆ, ಬ್ಯಾಟರಿ ಸೇರಿ ಅಂದಾಜು 500 ಕೆಜಿ ಭಾರ. ನೀರು ಮುನಿರಾಬಾದ್ ಕಡೆಯ ಹಿನ್ನೀರು, ಗಾಳಿ ಏಳದ ಬೆಳಗಿನ ಹೊತ್ತು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ನಿಂತ ನೀರಿನಲ್ಲಿ ದಿನಾ ದುಡಿಯುವ ದೋಣಿಗೆ ಎರಡನೆಯ ದಾರಿಯೇ ಸರಿ. ಹಗುರ ದೋಣಿಗೆ, ಗಾಳ ಹಾಕುವವರಿಗೆ ಮೊದಲನೆಯದು ಸಾಕು. ಡ್ಯಾಂ ಕೆಳಗಿನ ಹರಿಯುವ ಹೊಳೆಗೆ ಮೂರೂ ಬೇಡ.

ಎಚ್‌ಪಿ ಲೆಕ್ಕ ಬಿಡಿ, ವ್ಯಾಟ್ ಲೆಕ್ಕ ಹಿಡಿಯಿರಿ

5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಅಷ್ಟೇ ಶಕ್ತಿಯ ಮೋಟರ್ ಹುಡುಕಲು ಹೊರಟರೆ ಬ್ಯಾಟರಿಯ ರೇಟಿಗೆ ಅಲ್ಲೇ ಕೈ ಚೆಲ್ಲಬೇಕಾಗುತ್ತದೆ. ಅಷ್ಟು ಬೇಕಾಗಿಯೂ ಇಲ್ಲ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರು ತಾಗುವ ಉದ್ದ 15 ಅಡಿ ಇದ್ದರೆ ಮಿತಿ ಗಂಟೆಗೆ ಸುಮಾರು 9.6 ಕಿ.ಮೀ. ಅದರ ಹತ್ತಿರ ಹೋದಷ್ಟೂ ಹಾಕಿದ ಶಕ್ತಿಯೆಲ್ಲ ಅಲೆ ಎಬ್ಬಿಸುವುದಕ್ಕೇ ಹೋಗುತ್ತದೆ.

ಈ ದೋಣಿಯಲ್ಲಿ ಬ್ಯಾಟರಿಯಿಂದ ಎಳೆದ ಶಕ್ತಿ ಹೀಗಿತ್ತು: ಗಂಟೆಗೆ 5 ಕಿ.ಮೀ.ಗೆ ಸುಮಾರು 400 ವ್ಯಾಟ್, 6.5 ಕಿ.ಮೀ.ಗೆ ಸುಮಾರು 850, 7.5 ಕಿ.ಮೀ.ಗೆ ಸುಮಾರು 1,300. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಖರ್ಚು ಮೂರು ಪಟ್ಟು ದಾಟುತ್ತದೆ. 4 ಯೂನಿಟ್ ಕೊಡುವ ಬ್ಯಾಟರಿಯಲ್ಲಿ 5 ಕಿ.ಮೀ. ವೇಗಕ್ಕೆ ಹತ್ತು ಗಂಟೆ, 50 ಕಿ.ಮೀ. ಹೋಗಬಹುದು. ಅದೇ ಬ್ಯಾಟರಿಯಲ್ಲಿ 7.5 ಕಿ.ಮೀ. ವೇಗಕ್ಕೆ ಮೂರು ಗಂಟೆ, 23 ಕಿ.ಮೀ.ಗೆ ಮುಗಿಯಿತು. ಪೆಟ್ರೋಲ್ ಎಂಜಿನ್ನಿನಲ್ಲಿ ಎಕ್ಸಲರೇಟರ್ ಪೂರ್ತಿ ತಿರುಗಿಸಿಟ್ಟು ಕೂರುವ ಅಭ್ಯಾಸ ಇದ್ದವರು ಮೊದಲು ಅದನ್ನು ಬಿಡಬೇಕು.

ಮೊದಲ ದಾರಿ: ಟ್ರೋಲಿಂಗ್ ಮೋಟರ್

ಪೆಟ್ಟಿಗೆಯ ಮೇಲೆ 55 ಪೌಂಡ್ ಎಂದು ಬರೆದಿರುತ್ತದೆ. ಅದು ತಳ್ಳುವ ಬಲ, ಸುಮಾರು 25 ಕೆಜಿ. ಫುಲ್ ಕೊಟ್ಟಾಗ 12 ವೋಲ್ಟಿನಲ್ಲಿ 50 ಆಂಪಿಯರ್ ಎಳೆಯುತ್ತದೆ, ಅಂದರೆ 600 ವ್ಯಾಟ್. ಈ ದೋಣಿಯಲ್ಲಿ ಗಂಟೆಗೆ 5.5 ಕಿ.ಮೀ. ಬಂತು. ಎದುರುಗಾಳಿ ಬಂದರೆ ಅರ್ಧಕ್ಕೆ ಇಳಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜಲಾಶಯದ ಮೇಲೆ ಅಡೆತಡೆಯಿಲ್ಲದೆ ಬೀಸುವಾಗ ಈ ಮೋಟರ್ ನಂಬಿ ನಡುನೀರಿಗೆ ಹೋಗಬಾರದು.

ಇನ್ವರ್ಟರಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಎರಡನ್ನು ಪ್ಯಾರಲಲ್ ಕೊಟ್ಟರೆ ಕಾಗದದ ಮೇಲೆ 3.6 ಯೂನಿಟ್. ಆ 150 ಎಎಚ್ ಲೆಕ್ಕ ಇಪ್ಪತ್ತು ಗಂಟೆ ನಿಧಾನಕ್ಕೆ ಖಾಲಿ ಮಾಡಿದರೆ ಸಿಗುವಂಥದ್ದು. ಆರು ಗಂಟೆಯಲ್ಲಿ ಖಾಲಿ ಮಾಡುವ ವೇಗದಲ್ಲಿ ಎಳೆದರೆ ಅಷ್ಟು ಸಿಗುವುದಿಲ್ಲ. ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಲೂ ಬಾರದು. ಕೊನೆಗೆ ಫುಲ್ ವೇಗಕ್ಕೆ ಕೈಗೆ ಬರುವುದು ಎರಡೂವರೆ ಗಂಟೆ. ಎರಡೂ ಬ್ಯಾಟರಿಯ ತೂಕ 110 ಕೆಜಿ ಮೇಲೆ. ಇಬ್ಬರು ಗಿರಾಕಿಗಳ ಜಾಗ ಬ್ಯಾಟರಿಗೇ ಹೋಯಿತು.

ವೈರಿಂಗಿನಲ್ಲಿ ಜಿಪುಣತನ ಮಾಡಿದರೆ ಇಲ್ಲೇ ಹೆಚ್ಚು ಪೆಟ್ಟು. ಬ್ಯಾಟರಿ ಮಧ್ಯದಲ್ಲಿ, ಮೋಟರ್ ಹಿಂದೆ ಇದ್ದರೆ ಹೋಗಿ ಬರುವ ವೈರ್ 6 ಮೀಟರ್ ಆಗುತ್ತದೆ. 6 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 50 ಆಂಪಿಯರಿಗೆ 0.86 ವೋಲ್ಟ್ ದಾರಿಯಲ್ಲೇ ಬೀಳುತ್ತದೆ, ಅಂದರೆ ನೂರಕ್ಕೆ ಏಳು ಪಾಲು. 16 ಸ್ಕ್ವೇರ್ ಎಂಎಂ ಹಾಕಿದರೆ 0.32 ವೋಲ್ಟ್.

ಈ ಮೋಟರಿನ ಶತ್ರು ಬಲೆಯ ದಾರ. ಫ್ಯಾನಿಗೆ (ನೀರು ತಳ್ಳುವ ಪ್ರೊಪೆಲ್ಲರಿಗೆ) ಸುತ್ತಿದ ನೈಲಾನ್ ದಾರ ಹಿಂದಕ್ಕೆ ಸರಿದು ಶಾಫ್ಟಿನ ಸೀಲನ್ನು ಕೊಯ್ಯುತ್ತದೆ. ಮೋಟರ್ ಇರುವುದೇ ನೀರಿನೊಳಗೆ, ಆದ್ದರಿಂದ ಸೀಲ್ ಹೋದರೆ ನೀರು ನೇರ ವೈಂಡಿಂಗಿಗೆ. ವಾರಕ್ಕೊಮ್ಮೆ ಫ್ಯಾನ್ ಬಿಚ್ಚಿ, ಶಾಫ್ಟಿಗೆ ಸುತ್ತಿದ ದಾರ ತೆಗೆದು, ಗ್ರೀಸ್ ಸವರಿ ಮತ್ತೆ ಹಾಕಬೇಕು. ಹತ್ತು ನಿಮಿಷದ ಕೆಲಸ. ಇದನ್ನು ಮಾಡದವರ ಮೋಟರ್ ಒಂದು ಸೀಸನ್ ಕೂಡ ನಿಲ್ಲುವುದಿಲ್ಲ.

ಎರಡನೆಯ ದಾರಿ: ಹಳೇ ಲೆಗ್, ಆಟೋ ಮೋಟರ್

ಬ್ಯಾಟರಿ ಆಟೋಗಳ 48 ವೋಲ್ಟ್, 1,000ದಿಂದ 1,200 ವ್ಯಾಟಿನ ಬ್ರಷ್‌ಲೆಸ್ ಮೋಟರ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಔಟ್‌ಬೋರ್ಡಿನ ಗೇರ್ 2.08ಕ್ಕೆ 1 ಇದ್ದರೆ ಫ್ಯಾನಿಗೆ 1,440 ಸುತ್ತು ಸಿಗುತ್ತದೆ. 8 ಇಂಚು ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಫ್ಯಾನ್ ಜಾರದೆ ಸಾಗಿದರೆ ಗಂಟೆಗೆ 17.6 ಕಿ.ಮೀ.; ಭಾರದ ದೋಣಿಯಲ್ಲಿ ಅರ್ಧ ಜಾರುತ್ತದೆಂದು ಹಿಡಿದರೂ 8.8. ನಮಗೆ ಬೇಕಾದ ವೇಗಕ್ಕೆ ಇದು ಹತ್ತಿರ, ಹಾಗಾಗಿ ಹಳೇ ಫ್ಯಾನೇ ನಡೆಯುತ್ತದೆ. ದೊಡ್ಡ ಪಿಚ್ ಹಾಕಬೇಡಿ, ಮೋಟರ್ ಏದುಸಿರು ಬಿಟ್ಟು ಬಿಸಿಯಾಗುತ್ತದೆ.

ಕೆಲಸ ಶುರುವಾಗುವುದು ಎಂಜಿನ್ ಕಳಚುವುದರಿಂದ. ಎಂಜಿನ್ ತಳದ ಬೋಲ್ಟುಗಳನ್ನು ಬಿಚ್ಚಿ ಮೇಲಕ್ಕೆತ್ತಿದರೆ ಹಲ್ಲಿರುವ ಡ್ರೈವ್ ಶಾಫ್ಟ್ ತುದಿ ಕಾಣುತ್ತದೆ. ಆ ಹಲ್ಲಿಗೆ ಹೊಂದುವ ಹೊಸ ಬುಷ್ ಕೊರೆಸುವುದು ತಲೆನೋವು. ಹಳೇ ಕ್ರ್ಯಾಂಕಿನ ಕೆಳತುದಿಯಲ್ಲಿ ಅದೇ ಹಲ್ಲಿನ ತೂತು ಇದ್ದೇ ಇರುತ್ತದೆ. ಆ ತುಂಡನ್ನು ಕತ್ತರಿಸಿ ಲೇತಿನಲ್ಲಿ ತಿರುಗಿಸಿ, ರಬ್ಬರ್ ಸ್ಪೈಡರ್ (ನಡುವಿನ ಮೆತ್ತೆ) ಇರುವ ಕಪ್ಲಿಂಗಿನ ಒಂದು ಬದಿಗೆ ಕೂರಿಸಿ. ಇನ್ನೊಂದು ಬದಿ ಮೋಟರ್ ಶಾಫ್ಟಿಗೆ. ಗಂಗಾವತಿಯ ಲೇತ್ ಅಂಗಡಿಗಳಿಗೆ ರೈಸ್‌ಮಿಲ್ಲಿನ ಕಪ್ಲಿಂಗ್ ದಿನನಿತ್ಯದ ಕೆಲಸ, ತುಂಡು ತೋರಿಸಿದರೆ ಸಾಕು.

ಮೋಟರ್ ಕೂರಲು 12 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಬೇಕು. ಹಳೇ ಗ್ಯಾಸ್ಕೆಟನ್ನೇ ಮಾದರಿ ಇಟ್ಟು ಬೋಲ್ಟಿನ ತೂತು ಗುರುತು ಹಾಕಿ. ಎರಡು ಶಾಫ್ಟಿನ ನೇರ 0.1 ಎಂಎಂ ಒಳಗಿರಬೇಕು. ಡಯಲ್ ಗೇಜ್ ಇಟ್ಟು ನೋಡದೆ ಬಿಗಿಯಬೇಡಿ. ಓರೆಯಾದರೆ ಮೊದಲು ಸ್ಪೈಡರ್ ಪುಡಿಯಾಗುತ್ತದೆ, ಆಮೇಲೆ ಮೋಟರ್ ಬೇರಿಂಗ್ ಕೂಗುತ್ತದೆ.

ಎಂಜಿನ್ನನ್ನು ತಂಪಾಗಿಡುತ್ತಿದ್ದ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಈಗ ಬೇಡ, ತೆಗೆದುಬಿಡಿ. ಆದರೆ ಪಂಪಿನ ತಳದ ಪ್ಲೇಟ್ ಮತ್ತು ಆಯಿಲ್ ಸೀಲ್ ಇದ್ದ ಜಾಗದಲ್ಲೇ ಇರಲಿ. ಗೇರ್ ಆಯಿಲ್ ತಡೆಯುವುದು ಅವೇ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಹೊಕ್ಕಿದೆ ಎಂದರ್ಥ.

ರಿವರ್ಸಿಗೆ ಮೋಟರನ್ನೇ ಉಲ್ಟಾ ತಿರುಗಿಸುವ ಆಸೆ ಬೇಡ. ಗೇರಿನ ಡಾಗ್ ಹಲ್ಲುಗಳು (ಗೇರ್ ಕಚ್ಚಿ ಹಿಡಿಯುವ ಹಲ್ಲು) ಒಂದು ಕಡೆಗೆ ಭಾರ ತಡೆಯುವಂತೆ ರೂಪಿಸಿದ್ದಿರಬಹುದು, ಉಲ್ಟಾ ತಿರುಗಿದರೆ ಜಾರಿ ಸವೆಯುತ್ತವೆ. ಮೋಟರ್ ಒಂದೇ ದಿಕ್ಕಿಗೆ ತಿರುಗಲಿ, ರಿವರ್ಸಿಗೆ ಹಳೇ ಗೇರ್ ಲಿವರ್ರೇ ಸಾಕು. ಗೇರ್ ಬದಲಿಸುವಾಗ ಮೋಟರ್ ಪೂರ್ತಿ ನಿಂತಿರಬೇಕು. ಮೋಟರಿನ ವೇಗ ಹಿಡಿಯುವ ಕಂಟ್ರೋಲರಿನಲ್ಲಿ ಸಾಫ್ಟ್ ಸ್ಟಾರ್ಟ್ (ಮೆಲ್ಲಗೆ ಶುರುವಾಗುವ ಸೌಲಭ್ಯ) ಇರುವುದನ್ನೇ ಆರಿಸಿ. ಬ್ರಷ್‌ಲೆಸ್ ಮೋಟರ್ ನಿಂತಲ್ಲೇ ಪೂರಾ ಬಲ ಕೊಡುತ್ತದೆ, ಜರ್ಕಿಗೆ ಫ್ಯಾನಿನ ಶಿಯರ್ ಪಿನ್ (ಗೇರ್ ಉಳಿಸಲು ತಾನೇ ಮುರಿಯುವ ಪಿನ್) ಮುರಿಯುತ್ತದೆ. ಎರಡು ಪಿನ್, ಒಂದು ಕಟಿಂಗ್ ಪ್ಲೇಯರ್, ಒಂದು ಹುಟ್ಟು ದೋಣಿಯಲ್ಲಿ ಯಾವಾಗಲೂ ಇರಲಿ.

ಬ್ಯಾಟರಿಗೆ 16 ಸೆಲ್ಲಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್), 51.2 ವೋಲ್ಟ್, 100 ಎಎಚ್. ಅಂದರೆ 5.1 ಯೂನಿಟ್; ಅದರಲ್ಲಿ 4 ಯೂನಿಟ್ ನಿಶ್ಚಿಂತೆಯಿಂದ ಬಳಸಬಹುದು. ತೂಕ 45 ಕೆಜಿ ಆಸುಪಾಸು. ಇದನ್ನು ಮಧ್ಯದ ಹಲಗೆಯ ಕೆಳಗೆ, ತಳದಿಂದ ಎರಡು ಇಂಚು ಎತ್ತರಿಸಿ, ಪಟ್ಟಿ ಹಾಕಿ ಬಿಗಿಯಬೇಕು. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ: ಎಂಜಿನ್ ಹೋಗಿ ಭಾರ ನಡುವಿಗೆ ಬಂದಾಗ ದೋಣಿಯ ಹಿಂಬದಿ ಮೇಲೇಳುತ್ತದೆ. ಫ್ಯಾನಿನ ಮೇಲಿನ ಚಪ್ಪಟೆ ಪ್ಲೇಟ್ ದೋಣಿಯ ತಳಕ್ಕಿಂತ ಒಂದೆರಡು ಇಂಚು ಕೆಳಗೇ ಇರಬೇಕು. ಇಲ್ಲದಿದ್ದರೆ ಫ್ಯಾನ್ ಗಾಳಿ ಎಳೆದು ಬರೀ ಸದ್ದು ಮಾಡುತ್ತದೆ, ದೋಣಿ ಕದಲುವುದಿಲ್ಲ. ಮೋಟರ್ ಸರಿ ಇಲ್ಲವೆಂದು ಮೆಕ್ಯಾನಿಕ್ಕಿನ ಹತ್ತಿರ ಒಯ್ಯುವ ಮುನ್ನ ಇದನ್ನು ನೋಡಿ.

ಇನ್ನು ಎಲೆಕ್ಟ್ರಿಕ್ ಬದಿ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಅಡಿಯೊಳಗೆ 60 ಆಂಪಿಯರಿನ ಡಿಸಿ ಫ್ಯೂಸ್. ಮನೆಯ ಎಸಿ ಎಂಸಿಬಿ ಹಾಕಬೇಡಿ, ಡಿಸಿಯ ಕಿಡಿ ಅದರಲ್ಲಿ ಆರುವುದಿಲ್ಲ. ವೈರ್ 10 ಸ್ಕ್ವೇರ್ ಎಂಎಂ ಸಾಕು. 25 ಆಂಪಿಯರಿಗೆ ಅದೇ 6 ಮೀಟರಿನಲ್ಲಿ ಕಾಲು ವೋಲ್ಟ್ ಬೀಳುತ್ತದೆ, 48ರ ಮುಂದೆ ಅದು ಲೆಕ್ಕಕ್ಕಿಲ್ಲ. 48 ವೋಲ್ಟಿನ ಲಾಭವೇ ಇದು. ಕಂಟ್ರೋಲರಿಗೆ ನೇರ ಸ್ವಿಚ್ ಹಾಕಿದರೆ ಒಳಗಿನ ಕೆಪಾಸಿಟರ್ ಒಮ್ಮೆಲೇ ತುಂಬಿ ಚಟ್ ಎಂದು ಕಿಡಿ ಹಾರುತ್ತದೆ, ದಿನಾ ಹೀಗಾದರೆ ಸ್ವಿಚ್ ಸುಟ್ಟು ಅಂಟಿಕೊಳ್ಳುತ್ತದೆ. ಮೇನ್ ಸ್ವಿಚ್ಚಿಗೆ ಪ್ಯಾರಲಲ್ ಆಗಿ 100 ಓಮ್, 10 ವ್ಯಾಟ್ ರೆಸಿಸ್ಟರನ್ನು ಒಂದು ಪುಶ್ ಬಟನ್ ಮೂಲಕ ಕೊಟ್ಟು, ಎರಡು ಸೆಕೆಂಡ್ ಒತ್ತಿ, ಆಮೇಲೆ ಮೇನ್ ಹಾಕಿ. ಮಣಿಕಟ್ಟಿಗೆ ದಾರ ಕಟ್ಟುವ ಕಿಲ್ ಸ್ವಿಚ್ (ದಾರ ಕಳಚಿದರೆ ಮೋಟರ್ ನಿಲ್ಲಿಸುವ ಸ್ವಿಚ್) ಕಂಟ್ರೋಲರಿನ ಕೀ ವೈರಿಗೆ ಬರಬೇಕು, ಮೇನ್ ಲೈನಿಗೆ ಅಲ್ಲ.

ಬ್ಯಾಟರಿ ಎಷ್ಟು ಉಳಿದಿದೆ ಎಂದು ವೋಲ್ಟ್ ಮೀಟರ್ ನೋಡಿ ಹೇಳಲಾಗದು. ಎಲ್‌ಎಫ್‌ಪಿ ತುಂಬಿ ನಿಂತಾಗ 53.6 ವೋಲ್ಟ್ ಆಸುಪಾಸು, ಅರ್ಧಕ್ಕೆ ಬಂದಾಗ 52.8. ಲೋಡಿನಲ್ಲಿ ಆ ವ್ಯತ್ಯಾಸ ಕಣ್ಣಿಗೇ ಬೀಳದು. ಆಮೇಲೆ ಒಮ್ಮೆಲೇ ಕುಸಿದು ಬಿಎಂಎಸ್ (ಬ್ಯಾಟರಿ ಕಾಪಾಡುವ ಸರ್ಕ್ಯೂಟ್) ಕಟ್ ಮಾಡುತ್ತದೆ, ದೋಣಿ ನಡುನೀರಿನಲ್ಲಿ ನಿಲ್ಲುತ್ತದೆ. ಶಂಟ್ (ಹರಿದ ಕರೆಂಟ್ ಅಳೆಯುವ ತುಂಡು) ಇರುವ ಆಂಪಿಯರ್-ಅವರ್ ಮೀಟರ್ ಹಾಕಲೇಬೇಕು. ಇನ್ನೊಂದು, ಆಟೋದ ಲೆಡ್ ಬ್ಯಾಟರಿ ಚಾರ್ಜರನ್ನು ಇದಕ್ಕೆ ಹಚ್ಚಬೇಡಿ, 58.4 ವೋಲ್ಟಿಗೆ ನಿಲ್ಲುವ ಎಲ್‌ಎಫ್‌ಪಿ ಚಾರ್ಜರೇ ಬೇಕು. 15 ಆಂಪಿಯರಿನದಾದರೆ ಸಾಧಾರಣ ಮನೆಯ ಸಿಂಗಲ್ ಫೇಸಿನಲ್ಲೇ ಐದಾರು ಗಂಟೆಗೆ ತುಂಬುತ್ತದೆ.

ಈ ಕಡೆ ಕೆಡುವುದು ಹೆಚ್ಚಾಗಿ ಎರಡು. ಮೊದಲನೆಯದು ಬಿಸಿ. 1,200 ವ್ಯಾಟ್ ಎಳೆಯುವಾಗ ಸುಮಾರು 200 ವ್ಯಾಟ್ ಶಾಖವಾಗಿ ಮೋಟರಿನಲ್ಲೇ ಉಳಿಯುತ್ತದೆ. ಆಟೋದಲ್ಲಿ ಅದಕ್ಕೆ ಗಾಳಿ ಬೀಸುತ್ತದೆ, ಔಟ್‌ಬೋರ್ಡಿನ ಮುಚ್ಚಳದೊಳಗೆ ಬೀಸುವುದಿಲ್ಲ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಂತೂ ಮುಚ್ಚಳ ಒಲೆಯೇ ಸರಿ. ಹಿಂಬದಿಗೆ ಮುಖ ಮಾಡಿದ ಗಾಳಿಕಿಂಡಿ ಕೊರೆದು ಗಾಳಿ ಬೀಸುವ ಒಂದು ಸಣ್ಣ ಫ್ಯಾನ್ ಕೂರಿಸಿ, ಕಂಟ್ರೋಲರನ್ನು ಆ 12 ಎಂಎಂ ಪ್ಲೇಟಿಗೇ ಥರ್ಮಲ್ ಪೇಸ್ಟ್ ಹಚ್ಚಿ ಬಿಗಿಯಿರಿ. ಬಿಸಿಲಿನಲ್ಲಿ ಕಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. 45 ಡಿಗ್ರಿ ಕೆಳಗಿಳಿಯಲಿ. ಎರಡನೆಯದು ಹಾಲ್ ಸೆನ್ಸರಿನ (ಮೋಟರ್ ಎಲ್ಲಿಗೆ ತಿರುಗಿದೆ ಎಂದು ಕಂಟ್ರೋಲರಿಗೆ ತಿಳಿಸುವ ಸೆನ್ಸರ್) ಪುಟ್ಟ ಕನೆಕ್ಟರ್. ತೇವ ಹೊಕ್ಕು ಪಿನ್ ಹಸಿರುಗಟ್ಟಿದರೆ ಮೋಟರ್ ನಡುಗಿ ನಡುಗಿ ತಿರುಗುತ್ತದೆ. ಸಿಲಿಕಾನ್ ಗ್ರೀಸ್ ತುಂಬಿ, ಹೀಟ್ ಶ್ರಿಂಕ್ ಹಾಕಿದರೆ ಈ ಕಾಟ ಇಲ್ಲ.

ಮೂರನೆಯ ದಾರಿ: ರೆಡಿಮೇಡ್

ಟಾರ್ಕೀಡೋ, ಇ-ಪ್ರೊಪಲ್ಷನ್ ತರಹದ 1 ಕಿಲೋವ್ಯಾಟಿನ ಮೋಟರುಗಳು ಬ್ಯಾಟರಿ ಸೇರಿ 20 ಕೆಜಿ ಆಜುಬಾಜು ಇರುತ್ತವೆ. ಒಬ್ಬನೇ ಎತ್ತಿ ಮನೆಗೆ ಒಯ್ಯಬಹುದು. ಫ್ಯಾನ್ ದೊಡ್ಡದು, ನಿಧಾನ ತಿರುಗುವಂಥದ್ದು, ಅದಕ್ಕೇ ಅದೇ ವ್ಯಾಟಿಗೆ ಆಟೋ ಮೋಟರಿಗಿಂತ ತುಸು ಹೆಚ್ಚು ವೇಗ. ಉಳಿದ ಚಾರ್ಜಿನಲ್ಲಿ ಇನ್ನೆಷ್ಟು ದೂರ ಹೋಗಬಹುದೆಂದು ಪರದೆಯಲ್ಲೇ ತೋರಿಸುತ್ತದೆ. ಕೆಲಸದ ನಯ ನೋಡಿದರೆ ಇದಕ್ಕೇ ಅಂಕ.

ಆದರೆ ಜೊತೆಗೆ ಬರುವ ಬ್ಯಾಟರಿ ಚಿಕ್ಕದು: ಟಾರ್ಕೀಡೋ 1103ರಲ್ಲಿ 915 ವ್ಯಾಟ್-ಅವರ್, ಇ-ಪ್ರೊಪಲ್ಷನ್ನಿನ ಸ್ಪಿರಿಟ್ 1.0 ಪ್ಲಸ್ಸಿನಲ್ಲಿ 1,276. ಫುಲ್ ಕೊಟ್ಟರೆ ಮೊದಲನೆಯದು ಒಂದು ಗಂಟೆಯೊಳಗೇ, ಎರಡನೆಯದು ಒಂದೂಕಾಲು ಗಂಟೆಗೆ ಖಾಲಿ. ಸಾಣಾಪುರ ಕೆರೆಯಲ್ಲಿ ಅರ್ಧ ಗಂಟೆ ಸುತ್ತಾಡಲು ಸಾಕು, ಬಲೆ ಹಾಕಿ ಎತ್ತಿ ಬರುವವರಿಗೆ ಸಾಲದು. ಹೆಚ್ಚಿನ ಬ್ಯಾಟರಿ ಬೇಕೆಂದರೆ ಸಾಮಾನ್ಯವಾಗಿ ಅದೇ ಕಂಪನಿಯದ್ದನ್ನು ಹುಡುಕಬೇಕು. ಬಿಡಿಭಾಗವೂ ಹೊರಗಿನಿಂದ ಬರಬೇಕು. ಆಟೋ ಮೋಟರಿನ ಕಂಟ್ರೋಲರ್ ಸುಟ್ಟರೆ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಸಂಜೆಯೊಳಗೆ ಇನ್ನೊಂದು ಸಿಗುತ್ತದೆ. ದುಡಿಮೆಯ ದೋಣಿಗೆ ಈ ಒಂದು ಮಾತೇ ತೂಕದ್ದು.

ಹೊಳೆಯ ಮಾತು

ಆನೆಗೊಂದಿ, ವಿರುಪಾಪುರ ಗಡ್ಡೆ ಕಡೆ ಡ್ಯಾಮಿನಿಂದ ನೀರು ಬಿಟ್ಟಾಗ ಹೊಳೆಯ ಸೆಳೆತ ಸೆಕೆಂಡಿಗೆ 2 ಮೀಟರ್ ಮುಟ್ಟಿದರೂ ಅದು ಗಂಟೆಗೆ 7.2 ಕಿ.ಮೀ. ನಿಮ್ಮ ದೋಣಿಯ ಫುಲ್ ವೇಗ 7.5. ಎದುರಿಗೆ ಹೊರಟರೆ ದೋಣಿ ಇದ್ದಲ್ಲೇ ಇರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತದೆ. ಮೇಲಾಗಿ ಬಂಡೆಗಳು. ಅಲ್ಲಿ ಪೆಟ್ರೋಲೇ ಇರಲಿ, ಆದರೆ ಟೂ ಸ್ಟ್ರೋಕ್ ಬದಲು ಫೋರ್ ಸ್ಟ್ರೋಕ್. ಹಳೇ ಕಾರ್ಬ್ಯುರೇಟರ್ ಟೂ ಸ್ಟ್ರೋಕ್ ಎಂಜಿನ್ನುಗಳು ಕುಡಿದ ಎಣ್ಣೆಯಲ್ಲಿ ಕಾಲು ಭಾಗದಷ್ಟನ್ನು ಸುಡದೆಯೇ ನೀರಿಗೆ ಉಗುಳುತ್ತವೆ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ ಈ ಹೊಳೆಯೇ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಪ್ರದೇಶ ಎಂಬುದೂ ನೆನಪಿರಲಿ.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದು ಕೆಸರು, ಮರದ ಬೊಡ್ಡೆ ಎದ್ದಾಗ ಲಾಂಗ್‌ಟೇಲ್ (ತುದಿಯಲ್ಲಿ ಫ್ಯಾನ್ ಇರುವ) ಉದ್ದ ಶಾಫ್ಟಿಗೆ ಇದೇ ಆಟೋ ಮೋಟರ್ ಕಟ್ಟಬಹುದು. ನೇರ ಕಟ್ಟಿದರೆ 3,000 ಸುತ್ತಿಗೆ ಫ್ಯಾನ್ ನೀರು ಹಿಡಿಯುವುದಿಲ್ಲ, ಬೆಲ್ಟ್ ಪುಲ್ಲಿ ಹಾಕಿ ಅರ್ಧಕ್ಕೆ ಇಳಿಸಬೇಕು.

ದೋಣಿ ಕೆಲ ತಿಂಗಳು ದಡದಲ್ಲೇ ಇರುವುದಾದರೆ ಎಲ್‌ಎಫ್‌ಪಿಯನ್ನು ಅರ್ಧ ಚಾರ್ಜಿನಲ್ಲಿ ಬಿಟ್ಟು ಬಿಎಂಎಸ್ ಸ್ವಿಚ್ ಆಫ್ ಮಾಡಿ, ನೆರಳಿನಲ್ಲಿಡಿ. ಟ್ಯೂಬುಲರ್ ಆದರೆ ಇದಕ್ಕೆ ತದ್ವಿರುದ್ಧ: ಪೂರ್ತಿ ತುಂಬಿಸಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಕೊಟ್ಟು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತಿರಬೇಕು.