ಸೋನಿಕ್ ಪೈ: ತಾಳ ಗೊತ್ತಿದ್ದವರಿಗೆ ನಾಲ್ಕು ಸ್ಟಾರ್

ಕೋಡ್ ಓಡುತ್ತಿರುವಾಗಲೇ ಅದನ್ನು ತಿದ್ದುತ್ತಾ ಸಂಗೀತ ನುಡಿಸುವ ತಂತ್ರಾಂಶ ಇದು. ಶಾಲೆ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ಸ್ಯಾಮ್ ಆರನ್ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಬಾಗಲಕೋಟೆಯ ನವನಗರದಲ್ಲಿ ಗೆಳೆಯರ ಭಜನೆಗೆ ಕೆಲವು ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ. ಒಬ್ಬರು ಹಾಡುತ್ತಾರೆ, ಒಬ್ಬರು ಪೇಟಿ (ಹಾರ್ಮೋನಿಯಂ) ಬಾರಿಸುತ್ತಾರೆ, ನನ್ನ ಕೈಯಲ್ಲಿ ಲ್ಯಾಪ್‌ಟಾಪ್.

ಮೊದಲ ಪಾಠ ಸುಲಭ. ಪ್ಲೇ 60 ಅಂದರೆ ಪೇಟಿಯ ಬಿಳಿ ಒಂದು, ಸಿ ಸ್ವರದ ಬಿಳಿ ಮನೆ. ಹಾಡುವವರು ಕರಿ ಒಂದಕ್ಕೆ ಸಾ ಹಿಡಿದರೆ 61, ಕರಿ ಎರಡಕ್ಕೆ ಹಿಡಿದರೆ 63. ಭೈರವ್, ತೋಡಿ, ಮಾರ್ವಾ, ಪೂರ್ವಿ ಹೆಸರಿನ ಸ್ವರಸಾಲುಗಳೂ ಒಳಗೇ ಇವೆ. ಆದರೆ ಸ್ವರ ಇದ್ದರೆ ರಾಗ ಆಗುತ್ತದೆಯೇ? ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಟ್ಟು ಏರಬೇಕು ಅನ್ನೋದು ನಿಮ್ಮ ಕೆಲಸ. ತಬಲಾದ ಪೆಟ್ಟುಗಳಾದ ಬೋಲ್‌ಗಳು ಬಿಡಿಬಿಡಿಯಾಗಿ ಸಿಗುತ್ತವೆ. ಗೆ ಮತ್ತು ನಾ ಒಟ್ಟಿಗೆ ಕೊಟ್ಟರೆ ಧಾ.

ನನಗೆ ಹಿಡಿಸಿದ್ದು ಲೈವ್ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುತ್ತಾ ನುಡಿಯುವ ಕೋಡಿನ ತುಂಡು. ಸಾಲು ತಿದ್ದಿ ರನ್ ಒತ್ತಿದ ಕೂಡಲೇ ಏನೂ ಬದಲಾಗುವುದಿಲ್ಲ. ಓಡುತ್ತಿರುವ ಸುತ್ತು ಮುಗಿಯಬೇಕು, ಆಮೇಲೆ ಹೊಸದು ಬರುತ್ತದೆ. ಒಂದು ಸುತ್ತಿನಲ್ಲಿ ಪೂರ್ತಿ ತಾಳ ಬರೆದಿದ್ದರೆ ಅದು ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ! ತಾಳ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಂದರೆಯೂ ಇಲ್ಲೇ ಇದೆ. ನಿಮಿಷಕ್ಕೆ 60ರ ಲಯದಲ್ಲಿ ತೀನ್‌ತಾಲದ 16 ಮಾತ್ರೆಗೆ 16 ಸೆಕೆಂಡ್. ಹಾಡುವವರು ಎರಡನೇ ಮಾತ್ರೆಯಲ್ಲೇ ಮನಸ್ಸು ಬದಲಿಸಿದರೆ ನೀವು ಸುಮ್ನೆ ಕಾಯುತ್ತಾ ಕೂರಬೇಕು.

ಅದಕ್ಕೆ ಇಡೀ ಠೇಕಾವನ್ನು, ಅಂದರೆ ತಾಳದ ಬೋಲ್‌ಗಳ ಪೂರ್ತಿ ಸಾಲನ್ನು, ಒಂದು ಸುತ್ತಿನಲ್ಲಿ ಬರೆಯಬೇಡಿ. ಬೋಲ್‌ಗಳನ್ನೆಲ್ಲ ಕೊನೆಯಾದರೆ ಮತ್ತೆ ಮೊದಲಿಂದ ಶುರುವಾಗುವ ಒಂದು ಪಟ್ಟಿ, ಅಂದರೆ ರಿಂಗ್‌ನಲ್ಲಿ ಇಟ್ಟು, ಸುತ್ತಿಗೆ ಒಂದೇ ಮಾತ್ರೆ ನುಡಿಯುವ ಹಾಗೆ ಟಿಕ್ (ಸುತ್ತಿಗೊಮ್ಮೆ ಒಂದು ಹೆಚ್ಚುವ ಎಣಿಕೆ) ಹಾಕಿ. ಆಗ ತಿದ್ದಿದ್ದು ಮುಂದಿನ ಮಾತ್ರೆಗೇ ಕೇಳಿಸುತ್ತದೆ. ಟಿಕ್ಕಿನ ಎಣಿಕೆ ಮುಂದುವರಿಯುವುದರಿಂದ ಸಮವೂ ತಪ್ಪುವುದಿಲ್ಲ. 16ರಿಂದ 8 ಮಾತ್ರೆಯ ಕೆಹರವಾಕ್ಕೆ ನಡುವೆಯೇ ಇಳಿಯಬಹುದು. 10ರ ಝಪ್‌ತಾಲಕ್ಕೆ ಹೋಗೋದಾದರೆ ಮಾತ್ರ ಎಣಿಕೆಯನ್ನು ಸೊನ್ನೆಗೆ ತರಬೇಕು. ಇಲ್ಲವಾದರೆ ಸಮ ಎಲ್ಲೋ ಹೋಗಿ ಬೀಳುತ್ತದೆ, ಪೇಟಿಯವರು ನಿಮ್ಮನ್ನು ಗುರಾಯಿಸುತ್ತಾರೆ.

ಕೋಡಿನ ವಾಕ್ಯರಚನೆ ಕೆಟ್ಟರೆ ಹೊಸದು ಒಳಗೆ ಬರುವುದಿಲ್ಲ, ಹಳೆಯದು ಓಡುತ್ತಲೇ ಇರುತ್ತದೆ. ಸಭೆಯಲ್ಲಿ ಇದು ದೊಡ್ಡ ಧೈರ್ಯ. ಆಜ್ಞೆಯ ಹೆಸರು ತಪ್ಪಾದರೆ, ಇಲ್ಲವೇ ಸ್ಲೀಪ್ (ಇಷ್ಟು ಹೊತ್ತು ಕಾಯಿ ಅನ್ನುವ ಆಜ್ಞೆ) ಮರೆತರೆ ಮಾತ್ರ ಆ ಲೂಪ್ ದೂರು ಹೇಳಿ ನಿಂತುಬಿಡುತ್ತದೆ.

ಇನ್ನು ಮನೋಧರ್ಮ, ಅಂದರೆ ಸ್ಥಳದಲ್ಲೇ ಹೊಸದು ಹುಟ್ಟಿಸುವುದು. ರ‍್ಯಾಂಡಮ್ ಅಂತ ಕೊಟ್ಟರೆ ಬರುವ ಸ್ವರಗಳು ಪ್ರತಿ ಸಲ ರನ್ ಒತ್ತಿದಾಗಲೂ ಅವೇ. ಮನೆಯಲ್ಲಿ ಕೇಳಿ ಮೆಚ್ಚಿದ್ದು ಸಭೆಯಲ್ಲೂ ಹಾಗೇ ಬರಲಿ ಅಂತ ಬೇಕೆಂದೇ ಹೀಗೆ ಮಾಡಿದ್ದಾರೆ. ಬೇರೆ ಬೇಕಾದರೆ ಸೀಡ್, ಅಂದರೆ ಯಾವ ಸಾಲು ಬರಬೇಕೆಂದು ಆರಿಸುವ ಸಂಖ್ಯೆ, ಬದಲಿಸಿ. ನಾನಂತೂ ಠೇಕಾದ ನಡುವಿನ ಸಣ್ಣ ಭರ್ತಿಗೆ ಮಾತ್ರ ಇದನ್ನು ಬಿಡುತ್ತೇನೆ. ಸ್ವರಕ್ಕೆ ಬಿಟ್ಟರೆ ರಾಗದ ಗತಿ ನೋಡಬಾರದು.

ಮೀಂಡ್ ಇದರ ಕೈಗೆ ಸಲೀಸಾಗಿ ಸಿಗುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಆಜ್ಞೆ ಇದೆ ನಿಜ. ಎಷ್ಟು ಹೊತ್ತು, ಎಲ್ಲಿಗೆ ಅಂತ ಅಂಕಿಯಲ್ಲಿ ಬರೆಯುವಷ್ಟರಲ್ಲಿ ಗಾಯಕರು ಮುಂದಿನ ನುಡಿಗೆ ಹೋಗಿರುತ್ತಾರೆ. ಒಂದು ಸ್ಟಾರ್ ಕಡಿಮೆಯಾದದ್ದು ಇದಕ್ಕೇ.

ಪರದೆಯನ್ನು ಕೇಳುಗರಿಗೆ ತೋರಿಸುವುದು ಈ ಕಲೆಯ ರೂಢಿ. ಹೀಗೆ ಕೋಡ್ ಬರೆದು ನುಡಿಸುವವರ, 2004ರಲ್ಲಿ ಹುಟ್ಟಿದ ಟಾಪ್‌ಲ್ಯಾಪ್ ಬಳಗ ಮೊದಲಿನಿಂದ ಹೇಳುತ್ತಾ ಬಂದಿರುವುದೂ ಅದನ್ನೇ. ನಾವೂ ಗೋಡೆಗೆ ಪ್ರೊಜೆಕ್ಟರ್ ಬಿಡುತ್ತೇವೆ. ಒಮ್ಮೆ ಹಿರಿಯರೊಬ್ಬರು, "ತಮ್ಮಾ, ನೀ ಬಾರಸಾಕತ್ತಿಯೋ, ಟೈಪ್ ಹೊಡ್ಯಾಕತ್ತಿಯೋ?" ಅಂದರು. ಗೋಡೆ ಮೇಲೆ ಲಯದ ಅಂಕಿ 60 ಇದ್ದದ್ದು 90 ಆಗಿ ಲಯ ಏರಿದ್ದನ್ನು ನೋಡಿದ ಮೇಲೆ ಅವರೇ ತೊಡೆ ತಟ್ಟುತ್ತಾ ಕೂತರು.

ಬಾಡಿಗೆ ಸೌಂಡ್ ಸಿಸ್ಟಂಗೆ ಜೋಡಿಸುವಾಗ ಗುಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ಜಾಸ್ತಿ ಸಲ ಅದೇ ಕಾರಣ.

ಇನ್‌ಸ್ಟಾಲ್ ಮಾಡುವ ಗೋಜು ಬೇಡ ಅನ್ನುವವರು ಸ್ಟ್ರೂಡಲ್ ಅನ್ನುವ ಇಂಥದೇ ತಂತ್ರಾಂಶ ನೋಡಿ. ಬ್ರೌಸರ್‌ನಲ್ಲೇ ನಡೆಯುತ್ತದೆ. ಅಲ್ಲಿ ಆವರ್ತನ (ಒಂದು ಪೂರ್ತಿ ಸುತ್ತು) ಮೊದಲು, ಬೋಲ್ ಆಮೇಲೆ. ಒಂದು ಆವರ್ತನಕ್ಕೆ ನಾಲ್ಕು ಬರೆದರೆ ನಾಲ್ಕು ಸಮ ಪಾಲು, ಐದು ಬರೆದರೆ ಐದು. ಲಯಕಾರಿಯ, ಅಂದರೆ ಲಯದ ಜೊತೆ ಆಟವಾಡುವ, ಹುಚ್ಚು ಇದ್ದವರಿಗೆ ಅದೇ ಜಾಸ್ತಿ ಒಗ್ಗಬಹುದು. ನಮ್ಮ ಭಜನೆಗೆ ಕೆಹರವಾ ಸಾಕು, ಹಾಗಾಗಿ ನಾನು ಸೋನಿಕ್ ಪೈ ಬಿಟ್ಟಿಲ್ಲ.