ಬಿಳಿ ನಂಬರ್ ಪ್ಲೇಟ್ ನೋಡಿ ನಂಬಬೇಡಿ: ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ ತಗೊಳ್ಳುವವರಿಗೆ

ಪುಣೆ, ಮುಂಬೈ ಕಡೆ ಇದ್ದುಕೊಂಡು ಮನೆ ಮಂದಿಗೆಲ್ಲ ಸಾಕಾಗುವ ಒಂದು ಸೆಕೆಂಡ್ ಹ್ಯಾಂಡ್ ಏಳು ಸೀಟಿನ ಗಾಡಿ ಹುಡುಕುತ್ತಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ "ಒಂದೇ ಮನೆಯವರು ಓಡಿಸಿದ್ದು" ಅಂತ ಹೇಳಿ ಕೊಟ್ಟಿದ್ದು ವರ್ಷಗಟ್ಟಲೆ ಟ್ಯಾಕ್ಸಿಯಾಗಿ ದುಡಿದ ಗಾಡಿ. ಮೀಟರನ್ನೂ ಹಿಂದಕ್ಕೆ ತಿರುಗಿಸಿದ್ದರು. ಮಾರಿದ ಯಾರ್ಡಿನ (ಹಳೆ ಗಾಡಿ ಮಾರುವ ಅಂಗಡಿ) ಹೆಸರು ಇಲ್ಲಿ ಬರೆಯಲ್ಲ, ಕೇಸು ನಡೀತಾ ಇದೆ. ಗಾಡಿ ಯಾವ ಕಂಪನಿಯದು ಅನ್ನೋದೂ ಬೇಡ, ತಪ್ಪು ಕಂಪನಿಯದಲ್ಲ.

ನಾವು ಧಾರವಾಡ ಕಡೆಯವರು. ದೀಪಾವಳಿ, ಯುಗಾದಿ ಬಂತೆಂದರೆ ಇಲ್ಲಿಂದ ಊರಿಗೆ ಹೋಗುವ ಪಾಡು ನಿಮಗೂ ಗೊತ್ತಿರುತ್ತೆ. ಖಾಸಗಿ ಬಸ್ಸಿನವರು ದರ ಏರಿಸಿಬಿಡುತ್ತಾರೆ, ರೈಲಿನಲ್ಲಿ ಸೀಟು ಸಿಗಲ್ಲ. ಅವ್ವನಿಗೆ ಮೊಣಕಾಲು ನೋವು, ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತ್ ಸಿಕ್ಕರೆ ಹತ್ತೋದು ಆಗದ ಮಾತು. ಅಪ್ಪ, ಅವ್ವ, ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಇಲ್ಲೇ ಪಿ.ಜಿ.ಯಲ್ಲಿರುವ ತಂಗಿ. ಐದು ಸೀಟಿನ ಕಾರು ಎಲ್ಲಿ ಸಾಕಾಗುತ್ತೆ?

ಹೊಸದಕ್ಕೆ ದುಡ್ಡು ಸಾಲದಿದ್ದರೆ ಎಲ್ಲರ ಕಣ್ಣು ಹೋಗುವುದು ಅದೇ ನಾಲ್ಕೈದು ಗಾಡಿಗಳ ಮೇಲೆ. 2012ರಲ್ಲಿ ಬಂದ ಎರ್ಟಿಗಾ, ಅದರಲ್ಲೂ 2018ರ ಕೊನೆಗೆ ಬಂದ ದೊಡ್ಡ ಮೈಯ ಎರ್ಟಿಗಾ. 2005ರ ಇನ್ನೋವಾ, 2016ರ ಕ್ರಿಸ್ಟಾ. ಸಣ್ಣದೇ ಸಾಕು ಅನ್ನುವವರಿಗೆ 2019ರ ಟ್ರೈಬರ್, ಸ್ವಲ್ಪ ಜಾಸ್ತಿ ಹಾಕಬಲ್ಲವರಿಗೆ 2022ರ ಕ್ಯಾರೆನ್ಸ್. ಎಲ್ಲವೂ ಒಳ್ಳೆಯ ಗಾಡಿಗಳೇ. ಆದರೆ ನಮ್ಮಂಥ ಮನೆಗೆ ಇವು ಯಾವ ಕಾರಣಕ್ಕೆ ಬೇಕೋ, ಟ್ರಾವೆಲ್ಸ್‌ನವರಿಗೂ ಅದೇ ಕಾರಣಕ್ಕೆ ಬೇಕು. ಏರ್‌ಪೋರ್ಟ್ ಟ್ರಿಪ್, ಮುಂಬೈ–ಪುಣೆ ಓಡಾಟ, ಶಿರಡಿ, ಮಹಾಬಳೇಶ್ವರ, ಹಿಂಜವಡಿ–ಖರಾಡಿಯ ಐಟಿ ಕಂಪನಿಗಳ ರಾತ್ರಿ ಪಾಳಿ. ಎಲ್ಲದಕ್ಕೂ ಏಳು ಸೀಟಿನದೇ ಹೆಚ್ಚು ಓಡುತ್ತೆ. ಹಾಗಾಗಿ ನೀವು ಸಣ್ಣ ಹ್ಯಾಚ್‌ಬ್ಯಾಕ್ ತಗೊಳ್ಳುವಾಗ ಇಲ್ಲದ ಅಪಾಯ ಇಲ್ಲಿದೆ. ನಿಮ್ಮ ಮುಂದೆ ಪಳಪಳ ಅಂತ ನಿಂತಿರುವ ಗಾಡಿ ನಿನ್ನೆ ಮೊನ್ನೆಯವರೆಗೆ ಬಾಡಿಗೆಗೆ ಓಡಿದ್ದಿರಬಹುದು.

ಟ್ಯಾಕ್ಸಿಯನ್ನು ಖಾಸಗಿ ಗಾಡಿಯಾಗಿ ಬದಲಾಯಿಸುವುದು ಕಾನೂನಿಗೆ ವಿರುದ್ಧ ಅಲ್ಲ. ಪರ್ಮಿಟ್ ವಾಪಸ್ ಕೊಟ್ಟು, ತೆರಿಗೆಯ ವ್ಯತ್ಯಾಸ ಕಟ್ಟಿದರೆ ಆರ್‌ಟಿಓದವರು ಮಾಡಿಕೊಡುತ್ತಾರೆ. ಹಳದಿ ಪ್ಲೇಟ್ ಹೋಗಿ ಬಿಳಿ ಪ್ಲೇಟ್ ಬರುತ್ತೆ. ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಬೆಲೆಗೆ ಮಾರಿದರೆ ಯಾರದೂ ತಕರಾರಿಲ್ಲ. ಮುಚ್ಚಿಟ್ಟು ಮಾರುವುದು ಮಾತ್ರ ಶುದ್ಧ ಮೋಸ.

ನಾವು ನೋಡಿದಾಗ ಆರ್‌ಸಿಯಲ್ಲಿ ಮೋಟಾರ್ ಕಾರ್, ಅಂದರೆ ಖಾಸಗಿ ಗಾಡಿ ಅಂತಲೇ ಇತ್ತು. ನಂಬರ್ ಹಾಕಿದರೆ ಗಾಡಿಯ ದಾಖಲೆ ತೋರಿಸುವ ಆ್ಯಪ್‌ನಲ್ಲೂ ಹಾಗೇ ಬಂತು. ಸಾಲ ಬಾಕಿ ಇಲ್ಲ, ಚಲನ್ ಇಲ್ಲ. ಮೀಟರ್ 56 ಸಾವಿರ ತೋರಿಸುತ್ತಿತ್ತು. ಸೀಟ್ ಕವರ್ ಹೊಸದು, ಎಂಜಿನ್ ತೊಳೆದು ಪಾಲಿಶ್ ಹೊಡೆದಿದ್ದರು. "ಸಾಹೇಬ, ಕಾಹೀ ಟೆನ್ಶನ್ ನಾಹೀ, ಫ್ಯಾಮಿಲಿ ಗಾಡೀ ಆಹೇ" (ಏನೂ ಚಿಂತೆ ಬೇಡ, ಮನೆಯವರ ಗಾಡಿ) ಅಂತ ಯಾರ್ಡಿನವನು ಹೇಳಿದ. ಊರೊಳಗೆ ಓಡಿಸಿ ನೋಡಿದಾಗಲೂ ಏನೂ ತೊಂದರೆ ಕಾಣಲಿಲ್ಲ. ಆ್ಯಪ್ ತೋರಿಸುವುದು ಗಾಡಿಯ ಇವತ್ತಿನ ಸ್ಥಿತಿ. ನಿನ್ನೆ ಅದು ಏನಾಗಿತ್ತು ಅನ್ನೋದನ್ನು ತೋರಿಸಲ್ಲ. ಎಷ್ಟೋ ಜನ ಇಲ್ಲೇ ಸಿಕ್ಕಿಬೀಳುತ್ತಾರೆ.

ಊರಿಗೆ ಹೊರಟ ಮೊದಲ ಸಲವೇ ಬಣ್ಣ ಬಯಲಾಯಿತು. ಪುಣೆಯಿಂದ ಸಾತಾರಾಕ್ಕೆ ಹೋಗುವಾಗ ಆಗ ಖಂಬಾಟ್ಕಿ ಘಾಟ್ ಹತ್ತಲೇಬೇಕಿತ್ತು, ಸುರಂಗ ಇದ್ದದ್ದು ಆ ಕಡೆಯಿಂದ ಪುಣೆಗೆ ಬರುವವರಿಗೆ. ಲೋಡ್ ಲಾರಿಯ ಹಿಂದೆ ನಿಧಾನವಾಗಿ ಹತ್ತುತ್ತಿದ್ದೆವು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಕ್ಲಚ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಅಷ್ಟರಲ್ಲಿ ಹಿಂದಿನ ಎಸಿಯ ಬ್ಲೋವರ್ ನಿಂತುಹೋಯಿತು. ಮೂರನೇ ಸಾಲಿನಲ್ಲಿದ್ದ ಮಕ್ಕಳಿಗೆ ವಾಂತಿ ಶುರುವಾಯಿತು, ಅವ್ವನ ಮುಖ ಬಿಳಿಚಿಕೊಂಡಿತು. ತಿರುವಿನಲ್ಲಿ ಗಾಡಿ ನಿಲ್ಲಿಸಿ, ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ಮಂಡಿ ನೋವಿನ ಮುದುಕಿಯನ್ನು ಇಳಿಸಿ ತಡೆಗೋಡೆಯ ಆಚೆ ಕೂರಿಸುವುದು ಅಂದರೆ ಏನು ಅನ್ನೋದು ಆ ಯಾರ್ಡಿನವನಿಗೆ ಗೊತ್ತಾಗಬೇಕಿತ್ತು. ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ನನಗೆ ಹೆಚ್ಚು ಸಿಟ್ಟು.

ಟೋ ಮಾಡಿಸಿಕೊಂಡು ಹೋದ ಸಾತಾರಾ ರಸ್ತೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಾನೆಟ್ ತೆಗೆಯುವ ಮೊದಲೇ ಹಿಂದಿನ ಬಾಗಿಲು ತೆಗೆದ. ಎಡಗಡೆಯ ಕಂಬದ ಪ್ಲಾಸ್ಟಿಕ್ ಮೇಲೆ ಬೆರಳಾಡಿಸಿ ತೋರಿಸಿದ. ಸೀಟ್ ಬೆಲ್ಟಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ದುಂಡಗಿನ ತೂತು, ಅದಕ್ಕೆ ಕಪ್ಪು ರಬ್ಬರ್ ಬಿರಡೆ. "ಪ್ಯಾನಿಕ್ ಬಟನ್ ಇದ್ದ ಜಾಗ" ಅಂದ. 2019ರಿಂದ ಹೊಸ ಟ್ಯಾಕ್ಸಿಗಳಿಗೆ ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ. ಮನೆಯ ಕಾರಿಗೆ ಅದು ಯಾಕೆ ಬೇಕು? ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿದ. ಕೆಳಗೆ ನಾಲ್ಕು ಬೋಲ್ಟಿನ ತೂತುಗಳು, ಸುತ್ತ ಉಂಗುರದ ಹಾಗೆ ತುಕ್ಕು. ಸಿಎನ್‌ಜಿ ಸಿಲಿಂಡರಿನ ಫ್ರೇಮ್ ಕೂತಿದ್ದ ಜಾಗ ಅದು. ಬೇರೇನೂ ಹೇಳುವುದು ಬೇಕಾಗಲಿಲ್ಲ.

ಪುಣೆಗೆ ವಾಪಸ್ ಬಂದು ಕಂಪನಿಯ ಸರ್ವಿಸ್ ಸೆಂಟರಿಗೆ ಆರ್‌ಸಿ ಕಾಪಿ ತಗೊಂಡು ಹೋಗಿ ಹಳೆ ಸರ್ವಿಸ್ ದಾಖಲೆ ಕೇಳಿದೆವು. ಪ್ರಿಂಟ್ ಕೈಗೆ ಬಂತು. ನಮಗೆ ಮಾರುವುದಕ್ಕೆ ಎರಡು ವರ್ಷ ಮೊದಲೇ ಗಾಡಿ 1 ಲಕ್ಷ 38 ಸಾವಿರ ಓಡಿತ್ತು. ಗ್ರಾಹಕರ ಹೆಸರಿನ ಜಾಗದಲ್ಲಿ ಒಂದು ಟ್ರಾವೆಲ್ಸ್. ಅದಾದ ಮೇಲೆ ಅಲ್ಲಿಗೆ ಗಾಡಿ ಬಂದೇ ಇಲ್ಲ. ಈ ಕಾಗದವನ್ನು ಯಾರ್ಡಿನವನ ಮುಂದೆ ಇಟ್ಟಾಗ ಅವನು ತೋರಿಸಿದ್ದು ಡೆಲಿವರಿ ನೋಟಿನ ಕೊನೆಯ ಸಾಲನ್ನು. ಇದ್ದದ್ದು ಇದ್ದ ಹಾಗೆ ಮಾರಿದ್ದೇವೆ, ಮುಂದಿನದಕ್ಕೆ ಹೊಣೆಯಲ್ಲ ಅಂತ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಕ್ಲಚ್, ಶಾಕ್ ಅಬ್ಸಾರ್ಬರ್, ಹಿಂದಿನ ಎಸಿ ಅಂತ ರಿಪೇರಿಗೆ ಲಕ್ಷದ ಮೇಲೆ ಹೋಯಿತು.

ಈಗ ನಿಮ್ಮ ವಿಷಯಕ್ಕೆ ಬರೋಣ. ಸರ್ವಿಸ್ ದಾಖಲೆಯನ್ನು ದುಡ್ಡು ಕೊಡುವ ಮೊದಲೇ ತರಿಸಿ, ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಮಾಲೀಕರ ಒಪ್ಪಿಗೆ ಬೇಕು ಅಂತ ಸೆಂಟರಿನವರು ಹೇಳಿದರೆ ಮಾರುವವನಿಂದಲೇ ಫೋನ್ ಮಾಡಿಸಿ. "ಹೊರಗಡೆ ಸರ್ವಿಸ್ ಮಾಡಿಸಿದ್ದು, ದಾಖಲೆ ಇಲ್ಲ" ಅಂದರೆ ಆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ. ಹಳೆ ವರ್ಷಗಳ ಇನ್ಶೂರೆನ್ಸ್ ಪಾಲಿಸಿಗಳನ್ನೂ ಕೇಳಿ, ಈ ವರ್ಷದ್ದಷ್ಟೇ ಸಾಲದು. ಟ್ಯಾಕ್ಸಿಯ ಪಾಲಿಸಿ ಬೇರೆ ಥರದ್ದು, ಪ್ರಯಾಣಿಕರನ್ನು ಸಾಗಿಸುವ ವಾಹನ ಅಂತ ಅದರಲ್ಲೇ ಬರೆದಿರುತ್ತೆ.

ಗಾಡಿಯ ಒಳಗೆ ನೋಡುವಾಗ ಎಲ್ಲರೂ ಡ್ರೈವರ್ ಸೀಟು, ಸ್ಟೀರಿಂಗ್, ಪೆಡಲ್ ನೋಡುತ್ತಾರೆ. ಮಾರುವವರಿಗೂ ಅದು ಗೊತ್ತು, ಅವನ್ನೆಲ್ಲ ಮೊದಲೇ ಹೊಸದು ಮಾಡಿರುತ್ತಾರೆ. ನೀವು ಎಡಗಡೆಯ ಹಿಂದಿನ ಬಾಗಿಲು ನೋಡಿ. ಟ್ಯಾಕ್ಸಿಯಲ್ಲಿ ಜನ ಹತ್ತಿ ಇಳಿಯುವುದು ಹೆಚ್ಚಾಗಿ ಅಲ್ಲಿಂದ. ಬಾಗಿಲಿನ ಹ್ಯಾಂಡಲ್, ಕಾಲಿಡುವ ಅಂಚು, ಮೂರನೇ ಸಾಲಿಗೆ ಹೋಗಲು ಎಳೆಯುವ ಲಿವರ್, ಇವು ಬಲಗಡೆಗಿಂತ ಜಾಸ್ತಿ ಸವೆದಿದ್ದರೆ ಅನುಮಾನ ಪಡಿ. ಸೀಟ್ ಕವರ್ ತೆಗೆಸಿ ನೋಡಿ, ಅವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯಲ್ಲಿ 2019 ಇದ್ದು, ಓಡುವ ನಾಲ್ಕೂ ಟೈರ್ ಹೊಸದಾಗಿದ್ದು, ಮೀಟರ್ ಮಾತ್ರ 30 ಸಾವಿರ ಅಂದರೆ ಲೆಕ್ಕ ಕೂಡಲ್ಲ. ಇನ್ನೊಂದು, ಟ್ಯಾಕ್ಸಿಗಳಿಗೆ ವೇಗ 80 ದಾಟದ ಹಾಗೆ ಗವರ್ನರ್ ಹಾಕಿರುತ್ತಾರೆ. ಅದನ್ನು ತೆಗೆಯದೆ ಬಿಟ್ಟಿದ್ದರೆ ಎಕ್ಸ್‌ಪ್ರೆಸ್‌ ವೇನಲ್ಲಿ ತಕ್ಷಣ ಗೊತ್ತಾಗುತ್ತೆ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ತುಂಬಿಕೊಂಡು, ಎಸಿ ಪೂರ್ತಿ ಹಾಕಿ ಹಳೆ ಕಾತ್ರಜ್ ಘಾಟ್ ಹತ್ತಿಸಿ. ಖಾಲಿ ಗಾಡಿಯಲ್ಲಿ ಕಾಣದ ಕ್ಲಚ್ಚಿನ ಸುಸ್ತು ಅಲ್ಲಿ ಕಾಣುತ್ತೆ. ಹಿರಿಯರನ್ನು ಮೂರನೇ ಸಾಲಿಗೆ ಒಮ್ಮೆ ಹತ್ತಿಸಿ ಇಳಿಸಿ ನೋಡಿ, ಅವರಿಗೆ ಆಗದಿದ್ದರೆ ಆ ಸಾಲು ಮಕ್ಕಳಿಗೇ ಸೈ. ಏಳೂ ಸೀಟು ತುಂಬಿದ ಮೇಲೆ ಸಾಮಾನಿಗೆ ಎಷ್ಟು ಜಾಗ ಉಳಿಯುತ್ತೆ ಅನ್ನೋದನ್ನೂ ಅಲ್ಲೇ ನೋಡಿ. ಎರ್ಟಿಗಾದಲ್ಲಿ 209 ಲೀಟರ್, ಟ್ರೈಬರ್‌ನಲ್ಲಿ ಬರೀ 84. ಊರಿಂದ ಜೋಳದ ಚೀಲ ತರುವವರು ಮೇಲೆ ಕ್ಯಾರಿಯರ್ ಹಾಕಿಸಲೇಬೇಕು.

ಕಾಗದದ ಕಡೆ ಇನ್ನೆರಡು ಮಾತು. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಮಾರುವ ಡೀಲರ್ ಆರ್‌ಟಿಓದಿಂದ ಅಧಿಕಾರ ಪತ್ರ ಪಡೆದಿರಬೇಕು ಅನ್ನುವ ನಿಯಮ ಇದೆ, ಫಾರ್ಮ್ 29ಬಿ. ಅದನ್ನು ತೋರಿಸಿ ಅಂತ ಕೇಳಿ. ಗಾಡಿಯ ಮಾಲೀಕತ್ವ ನಿಮಗೆ ವರ್ಗವಾದ ದಿನದಿಂದ 14 ದಿನದೊಳಗೆ ಇನ್ಶೂರೆನ್ಸ್ ಕೂಡ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಗಾಡಿಗೆ ಏಟಾದಾಗ ಕ್ಲೇಮ್ ಸಿಗುವುದು ಕಷ್ಟ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರಲ್ಲ, ಅದು ಅವರದ್ದೇ.

ಮೋಸ ಹೋಗಿ ಆಗಿದ್ದರೆ ಸುಮ್ನೆ ಕೂರಬೇಡಿ. 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ಎರಡು ವರ್ಷದ ಒಳಗೆ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಗಾಡಿಯ ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಎಲ್ಲವನ್ನೂ ಮೊದಲ ದಿನದಿಂದಲೇ ಉಳಿಸಿಕೊಳ್ಳಿ, ಮಾರಾಟ ಆದ ಮೇಲೆ ಜಾಹೀರಾತು ಮಾಯ ಆಗುತ್ತೆ. "56 ಸಾವಿರ ಕಿ.ಮೀ., ಫ್ಯಾಮಿಲಿ ಗಾಡಿ" ಅಂತಿದ್ದ ಜಾಹೀರಾತನ್ನು ನನ್ನ ತಂಗಿ ಮನೆಯ ಗ್ರೂಪಿಗೆ ಹಾಕಿದ್ದಳು, ಇವತ್ತು ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅದೇ. ವಕೀಲರು ಇನ್ನೊಂದು ಹೇಳಿದರು, ಅದನ್ನೂ ಬರೆದುಬಿಡುತ್ತೇನೆ. ಡೆಲಿವರಿ ನೋಟಿನಲ್ಲಿ ಮೀಟರ್ ಎಷ್ಟಿದೆ ಅಂತ ಬರೆಸಿ, ಕೆಳಗೆ "ಈ ಗಾಡಿ ಟ್ಯಾಕ್ಸಿಯಾಗಿ ಓಡಿಲ್ಲ" ಅಂತ ಒಂದು ಸಾಲು ಸೇರಿಸಿ ಯಾರ್ಡಿನ ಸೀಲು, ಸಹಿ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಅಡ್ವಾನ್ಸ್ ಕೊಡಬೇಡಿ.